ನಮ್ಮ ಟ್ರಸ್ಟಿಗೆ ಲೆಕ್ಕ ಬರೆಯೋರು ಬೇಕಾಗಿದ್ದಾಗ

ಶಿರಾ ಕಡೆಯ ನಾಲ್ಕು ಹಳ್ಳಿಗಳಲ್ಲಿ ನಮ್ಮ ಟ್ರಸ್ಟ್ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತದೆ. ಎಂಟು ವರ್ಷ ನಮ್ಮ ಲೆಕ್ಕ ಬರೆದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಟ್ರಸ್ಟಿ. ಒಂದು ರೂಪಾಯಿ ಸಂಬಳ ತಗೊಂಡಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ, "ಇನ್ನು ನನ್ನ ಕೈಲಾಗಲ್ಲಮ್ಮ, ಯಾರನ್ನಾದ್ರೂ ನೋಡ್ಕೊಳ್ಳಿ" ಅಂದರು.

ಆಡಿಟರ್ ಆಫೀಸಿಗೇ ಒಪ್ಪಿಸಿಬಿಡೋಣ ಅಂತ ಹೋದರೆ ಆಡಿಟರೇ ಬೇಡ ಅಂದರು. ಬರೆಯೋರೂ ನಾವೇ, ತಪಾಸಣೆ ಮಾಡೋರೂ ನಾವೇ ಆದರೆ ತಪ್ಪು ಹಿಡಿಯೋರು ಯಾರು ಅಂತ ಕೇಳಿದರು. ಸರಿ ಅನ್ನಿಸಿತು.

ಮೊದಲು ಬಂದ ಹುಡುಗನಿಗೆ ಅಂಗಡಿ ಲೆಕ್ಕದಲ್ಲಿ ಐದು ವರ್ಷ ಅನುಭವ. ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್, ಜಿಎಸ್‌ಟಿ ಎಲ್ಲಾ ನೀರು ಕುಡಿದ ಹಾಗೆ. ನಾನು ಒಂದೇ ಪ್ರಶ್ನೆ ಕೇಳಿದೆ: ಒಬ್ಬರು ಪುಸ್ತಕಕ್ಕೆ ಅಂತ 50,000 ಕೊಟ್ಟಿದ್ದಾರೆ, ಈ ತಿಂಗಳು ಟೀಚರ್ ಸಂಬಳಕ್ಕೆ ದುಡ್ಡಿಲ್ಲ, ಏನು ಮಾಡ್ತೀಯಪ್ಪಾ? "ಅಡ್ಜಸ್ಟ್ ಮಾಡೋಣ ಮೇಡಂ, ಎಂಟ್ರಿ ಆಮೇಲೆ ಹಾಕೋಣ." ಅವನದ್ದು ಕೆಟ್ಟ ಮನಸ್ಸಲ್ಲ. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಗೆ ಬಿದ್ದ ದುಡ್ಡೆಲ್ಲಾ ಮಾಲೀಕನದ್ದೇ ಅಲ್ವಾ? ಟ್ರಸ್ಟಿನಲ್ಲಿ ಹಾಗಲ್ಲ. ಪುಸ್ತಕಕ್ಕೆ ಅಂತ ಬಂದದ್ದು ಪುಸ್ತಕದ್ದೇ.

ಆಮೇಲೆ ಬಂದವರಿಗೆಲ್ಲಾ ಪ್ರಶ್ನೆ ಕೇಳೋದು ಬಿಟ್ಟು ಜೂನ್ ತಿಂಗಳ ಬಿಲ್ಲುಗಳ ಫೈಲನ್ನೇ ಕೊಟ್ಟೆ. 37 ಚೀಟಿ. ಒಂದು ಗಂಟೆ ಕೂತು ಜೋಡಿಸಿ ಅಂದೆ. ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಒಬ್ಬ ಹೆಣ್ಣುಮಗಳು ಕಂಪ್ಯೂಟರ್ ಮುಟ್ಟಲೇ ಇಲ್ಲ. ಚೀಟಿಗಳನ್ನೆಲ್ಲಾ ಮೇಜಿನ ಮೇಲೆ ಹರಡಿ, ಒಂದೊಂದನ್ನೇ ಎತ್ತಿ, "ಇದು ಯಾರ ದುಡ್ಡಲ್ಲಿ ತಂದಿದ್ದು ಮೇಡಂ?" ಅಂತ ಕೇಳುತ್ತಾ ಬೇರೆ ಬೇರೆ ಗುಡ್ಡೆ ಮಾಡಿದರು. ಪೆಟ್ರೋಲ್ ಬಂಕಿನ ಬಿಲ್ಲಿನಲ್ಲಿ ಅಕ್ಷರ ಅಳಿಸಿ ಬರೀ ಬಿಳಿ ಕಾಗದ ಉಳಿದಿತ್ತು. ಇಂಥದ್ದನ್ನು ಬಂದ ದಿನವೇ ಜೆರಾಕ್ಸ್ ಮಾಡಿ ಪಿನ್ ಹೊಡೀಬೇಕು ಅಂದರು. ಬೆಂಚು ಮಾಡಿದ ಬಡಗಿಗೆ 12,400 ನಗದು ಕೊಟ್ಟ ವೋಚರ್ ಬಂತು. ಅದನ್ನು ಪಕ್ಕಕ್ಕಿಟ್ಟು, ಇಷ್ಟೊಂದು ಯಾಕೆ ಕೈಯಲ್ಲಿ ಕೊಟ್ರಿ ಅಂದರು. ಒಬ್ಬರಿಗೆ ಒಂದೇ ದಿನ ಹತ್ತು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಅದನ್ನು ಟ್ರಸ್ಟಿನ ಖರ್ಚು ಅಂತ ಒಪ್ಪೋದಿಲ್ಲ. ಆ ನಿಯಮ ಅವರಿಗೆ ಗೊತ್ತಿರಲಿಲ್ಲ, ಆದರೆ ಕಣ್ಣು ಅಲ್ಲೇ ನಿಂತಿತು. ನಿಯಮ ಕಲಿಸಬಹುದು. ಅವತ್ತೇ ಅವರನ್ನು ಒಪ್ಪಿಕೊಂಡೆವು.

ವಾರಕ್ಕೆ ಮೂರು ದಿನ, ತಿಂಗಳಿಗೆ 12,000. ಮಕ್ಕಳಿಗೆ ಅಂತ ಕೊಟ್ಟ ದುಡ್ಡು ಸಂಬಳಕ್ಕಾ ಅಂತ ಒಬ್ಬ ದಾನಿ ಬೇಸರ ಮಾಡಿಕೊಂಡರು. ಅವರಿಗೆ ನಾನು ಒಬ್ಬ ನಿವೃತ್ತ ಮೇಷ್ಟ್ರ ವಿಷಯ ಹೇಳಿದೆ. ಪ್ರತಿ ವರ್ಷ ಪಿಂಚಣಿಯಲ್ಲಿ ಉಳಿಸಿ 5,000ದ ಚೆಕ್ ಕಳಿಸೋರು ಅವರು. 2022ರಿಂದ ಯಾರು ಎಷ್ಟು ಕೊಟ್ಟರು ಅಂತ ಪ್ಯಾನ್ ನಂಬರ್ ಸಮೇತ 10ಬಿಡಿ ಫಾರಂನಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಗಿ ಬಂತು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಆ ಗಡಿಬಿಡಿಯಲ್ಲಿ ಮೇಷ್ಟ್ರ ಪ್ಯಾನ್‌ನಲ್ಲಿ ಬಿ ಬದಲು ಡಿ ಬಿತ್ತು. ತಿದ್ದಿ ಮತ್ತೆ ಕಳಿಸೋ ಹೊತ್ತಿಗೆ ಅವರು ರಿಟರ್ನ್ಸ್ ಸಲ್ಲಿಸಿ ಆಗಿತ್ತು, ಕೊಟ್ಟ ದಾನಕ್ಕೆ ಸಿಗಬೇಕಿದ್ದ ತೆರಿಗೆ ವಿನಾಯಿತಿ ಕೈತಪ್ಪಿತು. ಅವರು ಏನೂ ಅನ್ನಲಿಲ್ಲ, ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ.

ಇನ್ನೊಂದು ಮಾತು. ಎಷ್ಟೇ ನಂಬಿಕೆಯವರಾದರೂ ಲೆಕ್ಕ ಬರೆಯೋರ ಕೈಗೆ ಸಹಿ ಮಾಡಿದ ಖಾಲಿ ಚೆಕ್ ಕೊಡಬೇಡಿ. ನಮ್ಮಲ್ಲಿ ಅವರು ವೋಚರ್ ಬರೆಯುತ್ತಾರೆ, ಚೆಕ್ಕಿಗೆ ಇಬ್ಬರು ಟ್ರಸ್ಟಿಗಳು ಸಹಿ ಹಾಕುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟನ್ನು ಪ್ರತಿ ತಿಂಗಳು ಮೂರನೆಯವರು ತಾಳೆ ನೋಡುತ್ತಾರೆ. ಅವರ ಮೇಲೆ ಸುಮ್ನೆ ಅನುಮಾನ ಬಾರದಿರಲಿ ಅಂತಲೇ ಇದು.

ಕೆಲಸಕ್ಕೆ ಸೇರಿದ ಎರಡನೇ ವಾರ ಅವರು ದಾನಿಗಳ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿದರು. ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸುತ್ತಿತ್ತು: "ಮೇಷ್ಟ್ರೇ, ಬೆಂಗಳೂರಿನ ಬಿ-ನಾ, ದಾವಣಗೆರೆಯ ಡಿ-ನಾ? ಇನ್ನೊಂದ್ಸಲ ಹೇಳಿ, ನಾನು ಬರ್ಕೊಂಡು ಓದಿ ಹೇಳ್ತೀನಿ."