ಜಾಬ್ಸ್ ಬಯಾಗ್ರಫಿ ಓದಬೇಕೇನು?

ಪುಣೆದ ಐಟಿ ಕಂಪನಿಗಳ ಜಾಗ ಹಿಂಜವಡಿಯಾಗ ಹೊಸದಾಗಿ ಕೆಲಸಕ್ಕ ಸೇರಿದ ನಮ್ಮ ಧಾರವಾಡ ಕಡೆ ಹುಡುಗರು, ಸ್ಟೀವ್ ಜಾಬ್ಸ್ ಬಯಾಗ್ರಫಿ ಓದಬೇಕೇನ್ರಿ ಅಕ್ಕಾ ಅಂತ ಕೇಳ್ತಾರ. ವಾಲ್ಟರ್ ಐಸಾಕ್ಸನ್ ಬರದದ್ದು, 2011ರಾಗ ಜಾಬ್ಸ್ ತೀರಿಕೊಂಡ ತಿಂಗಳನ ಬಂತು. ಓದ್ರಪಾ, ಖಂಡಿತ ಓದ್ರಿ, ಆದ್ರ ಸಕ್ಸೆಸ್ ಫಾರ್ಮುಲಾ ಹುಡುಕಬ್ಯಾಡ್ರಿ. 1985ರಾಗ ತಾನ ಕಟ್ಟಿದ ಆಪಲ್ ಬಿಟ್ಟು ಹೊರಗ ಬಿದ್ದು, ನೆಕ್ಸ್ಟ್ ಅನ್ನೋ ಕಂಪ್ಯೂಟರ್ ಕಂಪನಿ, ಪಿಕ್ಸಾರ್ ಅನ್ನೋ ಅನಿಮೇಶನ್ ಕಂಪನಿ ಅಂತ ಹೆಣಗಾಡಿ 1997ರಾಗ ತಿರುಗಿ ಬಂದನಲ್ಲ, ಆ ನಡುವಿನ ವರ್ಷಗಳ ಭಾಗ ನನಗಂತೂ ಭಾಳ ಸೇರತು. ಲೀಸಾ ಹುಟ್ಟಿದಾಗ ನನ್ನ ಮಗಳ ಅಲ್ಲ ಅಂದದ್ದು, ಟೀಮಿನವರನ್ನ ಎಲ್ಲಾರ ಮುಂದ ಬೈದದ್ದು, ಏನೂ ಮುಚ್ಚಿಟ್ಟಿಲ್ಲ, ಜಾಬ್ಸೂ ಒಳಗಿನ ಬರಹಕ್ಕ ಕೈ ಹಾಕಲಿಲ್ಲ. ಫೋನ್ ಚಂದ ಮಾಡಿದ ಅಂತ ಆ ಬೈಗುಳ ಮಾಫ್ ಆಗಂಗಿಲ್ಲ, ಇದನ್ನಂತೂ ನಾ ಒಪ್ಪಂಗಿಲ್ಲ. ದಪ್ಪ ಪುಸ್ತಕ ಐತಿ, ಅಂಜಬ್ಯಾಡ್ರಿ, ಬೇಕಾದವರು ಕೋಥ್ರೂಡಕ್ಕ ಬಂದು ನನ್ನ ಕಾಪಿ ಒಯ್ರಿ.