ಆರ್‌ಎಕ್ಸ್ 100 ರಿಪೇರಿ: ಕೊನೆಗೂ ಸಿಕ್ಕ ಗಾಳಿ ಸೋರಿಕೆ

ಸಿಕ್ಕಿತು! ನನ್ನ ಯಮಹಾ ಆರ್‌ಎಕ್ಸ್ 100 ಟೂ ಸ್ಟ್ರೋಕ್ ಬೈಕಿನಲ್ಲಿ ಮೂರು ತಿಂಗಳಿಂದ ನಿದ್ದೆ ಕೆಡಿಸಿದ್ದ ಗಾಳಿ ಸೋರಿಕೆ ನಿನ್ನೆ ಸಂಜೆ ಸಿಕ್ಕಿತು. ಮ್ಯಾಗ್ನೆಟ್ ಸೈಡ್ ಆಯಿಲ್ ಸೀಲ್, ಅಂದರೆ ಇಂಜಿನ್ ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ. ಹೋದ ತಿಂಗಳು ಟೆಸ್ಟ್ ಮಾಡಿ, ಚೆನ್ನಾಗಿದೆ ಅಂತ ಬಿಟ್ಟಿದ್ದ ಅದೇ ಸೀಲ್.

ಕಾರ್ಬ್ಯುರೇಟರ್ ಕ್ಲೀನಿಂಗ್, ಫ್ಲೋಟ್ ಲೆವೆಲ್, ಟ್ಯಾಂಕ್ ಮುಚ್ಚಳದ ಗಾಳಿ ತೂತು, ಪೆಟ್ರೋಲ್ ಕಾಕ್ ಜಾಲರಿ, ಎಲ್ಲ ಆಗಿದೆ. ಅದನ್ನು ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. ಕಾಟ ಹೇಗಿತ್ತು ಅಂತ ಮಾತ್ರ ಹೇಳುತ್ತೇನೆ. ತಣ್ಣಗಿರುವಾಗ ಗಾಡಿ ಬಂಗಾರ. ಸುಂಟಿಕೊಪ್ಪದಿಂದ ಹೊರಟು ಮಡಿಕೇರಿ ಹತ್ತಿರ ಬರುವಾಗ ಇಂಜಿನ್ ಚೆನ್ನಾಗಿ ಬಿಸಿಯಾಗಿರುತ್ತದೆ. ಆಗ ಶುರು. ಆಕ್ಸಿಲರೇಟರ್ ಅಲ್ಲಾಡಿಸದೆ 40ರಲ್ಲಿ ಹೋಗುತ್ತಿದ್ದರೂ ರೇಸ್ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಇನ್ನೂ ಜಾಸ್ತಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ. ತಿರುವಿನಲ್ಲಿ ಹಾಗಾದರೆ ಎದೆ ಧಸಕ್ ಅನ್ನುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಬೂದಿ ಬಿಳುಪು. ಈ ಬಿಳುಪೇ ದಾರಿ ತೋರಿಸಿತು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು. ಪೆಟ್ರೋಲ್ ಅಳೆದು ಬಿಡುವ ಜೆಟ್ ಕಂಪನಿಯದೇ ಇದ್ದರೆ ಮಿಶ್ರಣ ರಿಚ್ ಆಗಬೇಕು, ಅಂದರೆ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಕಪ್ಪಾಗಬೇಕು. ಅಂಥದ್ದರಲ್ಲಿ ಬಿಳಿ ಅಂದರೆ, ಕಾರ್ಬ್ಯುರೇಟರಿಗೆ ಗೊತ್ತಿಲ್ಲದ ಗಾಳಿ ಎಲ್ಲಿಂದಲೋ ಒಳಗೆ ಬರುತ್ತಿದೆ ಅಲ್ವಾ? ಈಗಿನ ಪೆಟ್ರೋಲಿನ ಎಥೆನಾಲ್ ಕೂಡ ಮಿಶ್ರಣವನ್ನು ಸ್ವಲ್ಪ ಲೀನ್ ಮಾಡುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಆದರೆ ಅದು ಇಂಜಿನ್ ಬಿಸಿಯಾಗುವವರೆಗೆ ಕಾಯುವುದಿಲ್ಲ. ಹೀಗೇ ಓಡಿಸಿದರೆ ಪಿಸ್ಟನ್ ಬಿಸಿಗೆ ಕಚ್ಚಿಕೊಂಡು ಸೀಜ್ ಆಗುವುದು ಗ್ಯಾರಂಟಿ. ಅದಕ್ಕೇ ಗಾಡಿ ನಿಲ್ಲಿಸಿದೆ.

ಮೊದಲ ಟೆಸ್ಟ್ ಇಂಜಿನ್ನಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಅಂತ ನೋಡುವುದು. ಸೈಲೆನ್ಸರ್ ಬಾಯಿಗೆ ಟ್ಯೂಬ್ ತುಂಡು ಇಟ್ಟು ಪಟ್ಟಿ ಬಿಗಿದೆ. ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿರುವುದರಿಂದ ಅದರ ಪೈಪಿನ ತಾಪತ್ರಯ ಇಲ್ಲ. ಕಾರ್ಬ್ಯುರೇಟರ್ ಜಾಗದ ರಬ್ಬರಿನಿಂದ ಗಾಳಿ ಕೊಡಬೇಕು. ಅಳೆಯುವುದಕ್ಕೆ ಅಮ್ಮನ ಬಿಪಿ ಮೀಟರ್! ಅದರ ಕೊನೆಯ ಗೆರೆ 300, ಅಂದರೆ ಹತ್ತಿರ ಹತ್ತಿರ 6 ಪಿಎಸ್‌ಐ. ಟೂ ಸ್ಟ್ರೋಕಿಗೆ ಬೇಕಾಗಿರುವುದೂ ಅಷ್ಟೇ. ಸೈಕಲ್ ಪಂಪಿನಲ್ಲಿ ಜಾಸ್ತಿ ಕೊಟ್ಟರೆ ಒಳ್ಳೆಯ ಸೀಲೂ ಜಾರಿ ಹೊರಗೆ ಬರುತ್ತದೆ. ಅಮ್ಮ ಬಂದು ನೋಡಿ, "ಏನೋ, ಬೈಕಿಗೂ ಬಿಪಿ ಬಂತೇನೋ?" ಅಂದರು. ಮುಳ್ಳು 300ರಲ್ಲಿ ಅಲ್ಲಾಡದೆ ನಿಂತಿತು. ಸೋಪು ನೀರು ಹಾಕಿದರೆ ಒಂದು ಗುಳ್ಳೆಯೂ ಇಲ್ಲ.

ಹಾಗಾಗಿ ಕಾರ್ಬ್ಯುರೇಟರಿನದೇ ತಪ್ಪು ಅಂದುಕೊಂಡು ಬೆಂಗಳೂರಿನ ಒಂದು ಅಂಗಡಿಯಿಂದ ಹೊಸದು ತರಿಸಿದೆ. ಒರಿಜಿನಲ್ ಅಂತ ಹೇಳಿ ಕಳಿಸಿದ್ದು. ಸ್ಲೈಡ್ ಗಡಗಡ ಅನ್ನುತ್ತದೆ, ಜೆಟ್ ಮೇಲೆ ನಂಬರೇ ಇಲ್ಲ. ವಾಪಸ್ ತೆಗೆದುಕೊಳ್ಳಿ ಅಂದರೆ ಫೋನ್ ಎತ್ತುವುದಿಲ್ಲ. ಹಳೆ ಗಾಡಿ ಇಟ್ಟುಕೊಂಡವರಿಗೆ ಹೀಗೆ ಮಾಡುವುದು ನಿಜಕ್ಕೂ ಅನ್ಯಾಯ.

ಆ ಬೇಜಾರಿನಲ್ಲಿ ಮಾವನ ತೋಟಕ್ಕೆ ಹೋಗಿದ್ದೆ. ಅಲ್ಲಿ ಕಾಫಿ ಗೋದಾಮಿನ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ, ಯೆಜ್ಡಿ ರೋಡ್‌ಕಿಂಗ್! ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ. ಎರಡು ಸೈಲೆನ್ಸರ್, ಕಿಕ್ಕರಿಗೂ ಗೇರಿಗೂ ಒಂದೇ ಲಿವರ್. ಕಿಕ್ಕರ್ ಒತ್ತಿದರೆ ಇಂಜಿನ್ ತಿರುಗುತ್ತದೆ. "ತಗೊಂಡು ಹೋಗು, ಓಡಿಸಿ ತೋರಿಸು" ಅಂದರು ಮಾವ. ಮಳೆ ಮುಗಿದ ಮೇಲೆ ಅದರ ಕೆಲಸ. ಟ್ಯಾಂಕಿನ ತುಕ್ಕು ತೆಗೆಯುವುದಕ್ಕೆ ಈಗಲೇ ಡಬ್ಬ ಹುಡುಕಿ ಇಟ್ಟಿದ್ದೇನೆ.

ಸರಿ, ಸೀಲಿಗೆ ಬರೋಣ. ವಾಪಸ್ ಬರುವಾಗ ದಾರಿಯಲ್ಲಿ ಹೊಳೆಯಿತು. ಸೀಲಿನ ತುಟಿ ಕ್ರ್ಯಾಂಕ್‌ಕೇಸಿನ, ಅಂದರೆ ಪಿಸ್ಟನ್ನಿನ ಕೆಳಗಿನ ಇಂಜಿನ್ ಕೋಣೆಯ, ಕಡೆಗೆ ಮುಖ ಮಾಡಿರುತ್ತದೆ. ಒಳಗಿನಿಂದ ಗಾಳಿ ಒತ್ತಿದರೆ ತುಟಿ ಶಾಫ್ಟನ್ನು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ಒಳಗೆ ಎಳೆತ ಇದ್ದಾಗ ತುಟಿ ಎದ್ದು ದಾರಿ ಬಿಡುತ್ತದೆ. ಆಕ್ಸಿಲರೇಟರ್ ಮುಚ್ಚಿದಾಗಲೇ ಎಳೆತ ಜಾಸ್ತಿ. ಘಾಟಿ ಇಳಿಯುವಾಗ ಇಂಜಿನ್ ಕೂಗುತ್ತಿದ್ದುದು ಅದಕ್ಕೇ!

ಅಂದರೆ ಗಾಳಿ ತುಂಬಿದರೆ ಸಾಲದು, ಎಳೆಯಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಕಾರ್ಬ್ಯುರೇಟರಿಗೂ ಕ್ರ್ಯಾಂಕ್‌ಕೇಸಿಗೂ ನಡುವಿನ ರೀಡ್ ವಾಲ್ವ್ ಒಂದೇ ಕಡೆ ತೆರೆಯುವ ಬಾಗಿಲು. ಕಾರ್ಬ್ಯುರೇಟರ್ ಕಡೆಯಿಂದ ಎಳೆದರೆ ಅದು ಮುಚ್ಚಿಕೊಳ್ಳುತ್ತದೆ, ಕ್ರ್ಯಾಂಕ್‌ಕೇಸಿಗೆ ಎಳೆತ ಮುಟ್ಟುವುದೇ ಇಲ್ಲ. ಆದ್ದರಿಂದ ಆ ರಬ್ಬರನ್ನು ಮುಚ್ಚಿ, ಪಿಸ್ಟನ್ ಪೂರ್ತಿ ಕೆಳಗಿಟ್ಟು, ಪ್ಲಗ್ ತೂತಿನಿಂದ ಎಳೆದೆ. ಹಳೆ ಪ್ಲಗ್ಗಿನ ಪಿಂಗಾಣಿ ಒಡೆದು ಪೈಪ್ ಕೂರಿಸಿದೆ. ಮೀಟರ್ ಬದಲು ಮೇಸ್ತ್ರಿಗಳ ಮಟ್ಟದ ಪೈಪ್. ಒಂದು ತುದಿ ನೆಲದ ಮೇಲಿನ ಬಕೆಟ್ ನೀರಿನಲ್ಲಿ, ನಡುಭಾಗ ಮೇಲಿನ ತೊಲೆಗೆ ಕಟ್ಟಿದೆ. ನೀರು ಇಂಜಿನ್ನಿಗೆ ಹೋಗಬಾರದಲ್ಲ. ನೀರಿನ ಮಟ್ಟ ಕಾಣಲಿ ಅಂತ ಕಾಫಿ ಡಿಕಾಕ್ಷನ್ ಬೆರೆಸಿದೆ. ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿನಿಂದ ಎಳೆದು ನೀರನ್ನು 1 ಮೀಟರ್ ಏರಿಸಿ ಕ್ಲಿಪ್ ಹಾಕಿದೆ.

ಅರ್ಧ ನಿಮಿಷ ಕೂಡ ನಿಲ್ಲಲಿಲ್ಲ. ಕಾಫಿ ಗೆರೆ ಸರ್ರನೆ ಇಳಿದು ಬಕೆಟ್ ಸೇರಿತು. ಕೂಗಿಕೊಂಡೆ ನಾನು! ಮ್ಯಾಗ್ನೆಟ್, ಕಾಯಿಲ್ ಪ್ಲೇಟ್ ತೆಗೆದು ಸೀಲಿನ ಸುತ್ತ ದಪ್ಪಗೆ ಗ್ರೀಸ್ ಮೆತ್ತಿ ಮತ್ತೆ ಎಳೆದೆ. ಈ ಸಲ ನೀರು ನಿಂತಿತು.

ಕಿತ್ತ ಸೀಲಿನ ತುಟಿ ಒಣಗಿದ ಕಾಫಿ ಸಿಪ್ಪೆಯ ಹಾಗೆ ಗಟ್ಟಿ, ಉಗುರು ಇಳಿಯುವುದಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಕೊಟ್ಟ ಸೀಲಿನ ಒಳಗೆ ಸ್ಪ್ರಿಂಗೇ ಇರಲಿಲ್ಲ. ಅಲ್ಲೇ ಬಿಟ್ಟು, ಹಳೇ ಸೀಲ್ ಹಿಡಿದುಕೊಂಡು ಬೇರಿಂಗ್ ಅಂಗಡಿಗೆ ಹೋದೆ. ಅಳತೆ ಸೀಲಿನ ಮೇಲೇ ಅಚ್ಚಾಗಿರುತ್ತದೆ: ಒಳಗಿನದು, ಹೊರಗಿನದು, ದಪ್ಪ. ಅದೇ ಅಳತೆಯ, ವೈಟಾನ್ ಅನ್ನುವ ರಬ್ಬರಿನ ಸೀಲ್ ಸಿಕ್ಕಿತು. ಬಿಸಿಗೂ ಎಥೆನಾಲಿಗೂ ಅದು ಬೇಗ ಸೋಲುವುದಿಲ್ಲ.

ಇವತ್ತು ಬೆಳಿಗ್ಗೆ ಮಳೆ ಬಿಟ್ಟಾಗ ಸಂಪಾಜೆವರೆಗೆ ಹೋಗಿ ಬಂದೆ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ರೇಸ್ ತಕ್ಷಣ ಇಳಿಯಿತು. ಪ್ಲಗ್ ಈಗ ಬಿಸ್ಕತ್ತಿನ ಬಣ್ಣ. ಮನೆಗೆ ಬಂದ ಮೇಲೂ ಇಂಜಿನ್ ಆಫ್ ಮಾಡದೆ ಅಂಗಳದಲ್ಲಿ ನಿಂತು ಐಡ್ಲಿಂಗ್ ಶಬ್ದ ಕೇಳುತ್ತಿದ್ದೆ. ಅಮ್ಮ ಒಳಗಿನಿಂದ ಬಿಪಿ ಮೀಟರ್ ಎಲ್ಲಿ ಅಂತ ಕೂಗಿದರು.