ಪುಂಟಾ ಅರೇನಾಸ್‌ನಿಂದ ಕೇಪ್ ಹಾರ್ನ್‌ವರೆಗೆ, ಸಣ್ಣ ಹಡಗಿನಲ್ಲಿ

ದಕ್ಷಿಣ ಅಮೆರಿಕದ ನಕ್ಷೆಯ ಕೆಳತುದಿಯನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಚಿಲಿಯ ಉದ್ದನೆಯ ಪಟ್ಟಿ ದಕ್ಷಿಣಕ್ಕೆ ಇಳಿಯುತ್ತಾ ಇಳಿಯುತ್ತಾ ಚೂರುಚೂರಾಗಿ ಹೋಗುತ್ತದೆ. ಒಂದು ದ್ವೀಪ, ಅದರ ಪಕ್ಕ ಇನ್ನೊಂದು, ಮಧ್ಯೆ ನೀರಿನ ಸೀಳು. ಆ ಸೀಳು ಬೆಟ್ಟದೊಳಗೆ ಹೊಕ್ಕು, ತಿರುಗಿ, ಎಲ್ಲೋ ಒಂದು ಹಿಮನದಿಯ ಬುಡದಲ್ಲಿ ಮುಗಿಯುತ್ತದೆ. ಇವೇ ಫಿಯೋರ್ಡ್‌ಗಳು. ಖಂಡದ ತುದಿಯ ಈ ದ್ವೀಪಗಳ ಗುಂಪಿನ ಹೆಸರು ಟಿಯೆರಾ ಡೆಲ್ ಫ್ಯೂಗೊ. ಅದರ ಈ ಭಾಗಕ್ಕೆ ಬಹುತೇಕ ಕಡೆ ರಸ್ತೆ ಇಲ್ಲ. ಹೋಗಬೇಕೆಂದರೆ ನೀರಿನ ಮೇಲೇ ಹೋಗಬೇಕು.

ನಾವು ಹತ್ತಿದ್ದು ಪುಂಟಾ ಅರೇನಾಸ್‌ನಲ್ಲಿ, ಮೆಗೆಲನ್ ಜಲಸಂಧಿಯ ದಡದ ಊರು. ಇಳಿಯಬೇಕಿದ್ದದ್ದು ಅರ್ಜೆಂಟೀನಾದ ಉಶುವಾಯಾದಲ್ಲಿ. ನಡುವೆ ನಾವು ಇಳಿಯುವ ಕಡೆ ಎಲ್ಲೂ ಊರಿಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಜಾಹೀರಾತುಗಳಲ್ಲಿ ಈ ದಾರಿಯನ್ನು 'ಮನುಷ್ಯ ಮುಟ್ಟದ ಜಗತ್ತು' ಅಂತ ಮಾರುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ, ಮೊದಲು ಹಡಗಿನ ವಿಷಯ.

ಸಾವಿರಾರು ಜನರನ್ನು ಹೊತ್ತ ದೊಡ್ಡ ಕ್ರೂಸ್ ಹಡಗುಗಳೂ ಈ ಕಡೆ ಬರುತ್ತವೆ. ಆದರೆ ಅವು ಅಗಲವಾದ ಕಾಲುವೆಯ ಮಧ್ಯದಲ್ಲಿ ಹಾದುಹೋಗುತ್ತವೆ ಅಷ್ಟೇ. ಸಣ್ಣ ಹಡಗು ಕವಲು ಫಿಯೋರ್ಡ್‌ಗಳ ಒಳಗೇ ನುಗ್ಗುತ್ತದೆ, ಲಂಗರು ಹಾಕುತ್ತದೆ, ಜೋಡಿಯಾಕ್ ಅನ್ನುವ ರಬ್ಬರ್ ದೋಣಿಗಳನ್ನು ನೀರಿಗಿಳಿಸುತ್ತದೆ. ಲೈಫ್ ಜಾಕೆಟ್ ಬಿಗಿದುಕೊಂಡು, ಗಮ್‌ಬೂಟ್ ಹಾಕಿಕೊಂಡು, ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿ ದೋಣಿಗೆ ಇಳಿಯಬೇಕು. ಕೆಲವೇ ನಿಮಿಷದಲ್ಲಿ ಕಾಲ ಕೆಳಗೆ ಜಲ್ಲಿಕಲ್ಲಿನ ದಡ ಇರುತ್ತದೆ. ಕಿಟಕಿಯಿಂದ ನೋಡಿದ ಬೆಟ್ಟಕ್ಕೂ ಕಾಲಿಟ್ಟ ಬೆಟ್ಟಕ್ಕೂ ಬಹಳ ವ್ಯತ್ಯಾಸ. ಸಣ್ಣ ಹಡಗಿಗೆ ಜಾಸ್ತಿ ದುಡ್ಡು ಕೊಡುವುದು ಕ್ಯಾಬಿನ್‌ಗಲ್ಲ, ಊಟಕ್ಕಲ್ಲ, ಹೀಗೆ ದಡಕ್ಕಿಳಿಯುವುದಕ್ಕೆ.

ಮೊದಲು ಇಳಿದದ್ದು ಐನ್ಸ್‌ವರ್ತ್ ಕೊಲ್ಲಿಯಲ್ಲಿ. ಇದು ಆಲ್ಬೆರ್ಟೊ ದೆ ಅಗೊಸ್ಟಿನಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ. ಕೊಲ್ಲಿಯ ಹಿಂದೆ ಡಾರ್ವಿನ್ ಪರ್ವತಸಾಲು, ಅದರಿಂದ ಇಳಿದು ಬರುವ ಮರಿನೆಲ್ಲಿ ಹಿಮನದಿ. ಕಳೆದ ಶತಮಾನದ ಮಧ್ಯದಿಂದ ಈಚೆಗೆ ಈ ಹಿಮನದಿ ಹತ್ತು ಕಿಲೋಮೀಟರ್‌ಗೂ ಜಾಸ್ತಿ ಹಿಂದೆ ಸರಿದಿದೆ. ಮಂಜುಗಡ್ಡೆ ಬಿಟ್ಟುಕೊಟ್ಟ ನೆಲದಲ್ಲಿ ಕಾಡು ಹೇಗೆ ಹುಟ್ಟುತ್ತದೆ ಅಂತ ಅಲ್ಲಿ ನಡೆಯುತ್ತಲೇ ನೋಡಬಹುದು. ಮೊದಲು ಬರೀ ಕಲ್ಲು, ಕಲ್ಲಿನ ಮೇಲೆ ಕಲ್ಲುಹೂ, ಆಮೇಲೆ ಪಾಚಿ, ಪಾಚಿಯಲ್ಲಿ ನೀರು ನಿಂತು ಪೊದೆ, ಪೊದೆ ದಾಟಿದರೆ ಮರ. ಲೆಂಗಾ, ಕೊಯಿಗ್ವೆ ಅನ್ನುವ ದಕ್ಷಿಣದ ಬೀಚ್ (beech) ಜಾತಿಯ ಮರಗಳು. ಗಾಳಿ ಬಡಿಯುವ ಕಡೆ ಅವು ಒಂದೇ ದಿಕ್ಕಿಗೆ ಬಾಗಿ ಬೆಳೆದಿರುತ್ತವೆ.

ಕೆಲವು ಮರಗಳಿಗೆ ಕಿತ್ತಳೆ ಬಣ್ಣದ, ಗೋಲಿ ಗಾತ್ರದ ಅಣಬೆಗಳು ಗೊಂಚಲಾಗಿ ಅಂಟಿಕೊಂಡಿದ್ದವು. ಮೈಮೇಲೆಲ್ಲ ಸಣ್ಣ ಗುಳಿಗಳು. ಮುಟ್ಟಿದರೆ ಮೆತ್ತಗೆ, ಸ್ವಲ್ಪ ಲೋಳೆ. ಚಾರ್ಲ್ಸ್ ಡಾರ್ವಿನ್ ಇದರ ಬಗ್ಗೆ ಬರೆದಿದ್ದಾನೆ, ಇಲ್ಲಿನ ಜನ ಇದನ್ನು ಹಸಿಯಾಗೇ ತಿನ್ನುತ್ತಿದ್ದರು ಅಂತ. ಕಾಡು ಅಂದಮೇಲೆ ಅದರಲ್ಲಿ ಉಂಡವರೂ ಇದ್ದರು. ಈ ಅಣಬೆ ನೋಡಿದ ಮೇಲೆ ನನ್ನ ಕಣ್ಣು ಅದನ್ನೇ ಹುಡುಕತೊಡಗಿತು, ಎಲ್ಲೆಲ್ಲಿ ಯಾರು ಬದುಕಿದ್ದರು ಅಂತ.

ಅದೇ ಕಾಡಿನಲ್ಲಿ ಮನಸ್ಸು ಕೆಡಿಸುವ ನೋಟವೂ ಇದೆ. ತೊರೆಗೆ ಅಡ್ಡಲಾಗಿ ಕೊಂಬೆ, ಮಣ್ಣು ಒಟ್ಟಿದ ಕಟ್ಟೆ, ಅದರ ಹಿಂದೆ ನಿಂತ ನೀರು, ನೀರಲ್ಲಿ ಬೂದು ಬಣ್ಣಕ್ಕೆ ತಿರುಗಿ ಸತ್ತ ಮರಗಳು. ಇದು ಬೀವರ್‌ಗಳ ಕೆಲಸ, ಹಲ್ಲಿನಿಂದ ಮರ ಕಡಿದು ತೊರೆಗೆ ಕಟ್ಟೆ ಕಟ್ಟುವ ಪ್ರಾಣಿ ಅದು. 1946ರಲ್ಲಿ ಅರ್ಜೆಂಟೀನಾ ಸರ್ಕಾರ ತುಪ್ಪಳದ ಉದ್ಯಮ ಬೆಳೆಸೋಣ ಅಂತ ಕೆನಡಾದಿಂದ ಕೆಲವು ಬೀವರ್‌ಗಳನ್ನು ತಂದು ಬಿಟ್ಟಿತು. ಉದ್ಯಮ ಬೆಳೆಯಲಿಲ್ಲ, ಬೀವರ್ ಬೆಳೆಯಿತು. ಅವನ್ನು ತಿನ್ನುವ ಕರಡಿ, ತೋಳ ಇಲ್ಲಿ ಇಲ್ಲ. ಈಜಿಕೊಂಡು ಚಿಲಿಯ ದ್ವೀಪಗಳಿಗೂ ಬಂದವು, ಜಲಸಂಧಿ ದಾಟಿ ಮುಖ್ಯ ಭೂಮಿಯನ್ನೂ ಸೇರಿದವು. ಉತ್ತರ ಅಮೆರಿಕದಲ್ಲಿ ಬೀವರ್ ಕಡಿದ ಎಷ್ಟೋ ಮರಗಳು ಬುಡದಿಂದ ಮತ್ತೆ ಚಿಗುರುತ್ತವೆ. ಇಲ್ಲಿನ ಬೀಚ್ ಮರಗಳಿಗೆ ಆ ಅಭ್ಯಾಸವಿಲ್ಲ. ಕಡಿದರೆ ಮುಗಿಯಿತು. 'ಯಾರೂ ಮುಟ್ಟದ ಕಾಡು' ಅನ್ನುವವರನ್ನು ಈ ಕಟ್ಟೆಗಳ ಮುಂದೆ ಹತ್ತು ನಿಮಿಷ ನಿಲ್ಲಿಸಬೇಕು.

ಟಕರ್ ದ್ವೀಪಗಳ ಹತ್ತಿರ ದೋಣಿಯಿಂದ ಇಳಿಯಲು ಬಿಡುವುದಿಲ್ಲ, ಅದು ಸರಿಯೇ. ಮೆಗೆಲನ್ ಪೆಂಗ್ವಿನ್‌ಗಳು ಅಲ್ಲಿ ಗೂಡು ಮಾಡುತ್ತವೆ, ಬಂಡೆಗಳ ಮೇಲೆ ನೀರುಕಾಗೆಗಳು. ವಾಸನೆ ಜೋರು. ದೋಣಿಯ ಇಂಜಿನ್ ನಿಲ್ಲಿಸಿದಾಗ ನೂರಾರು ಹಕ್ಕಿಗಳ ಕೂಗು ಒಂದೇ ಸಲ ಕಿವಿಗೆ ಬಿತ್ತು.

ಆಮೇಲೆ ಬೀಗಲ್ ಚಾನೆಲ್. ಸುಮಾರು 240 ಕಿಲೋಮೀಟರ್ ಉದ್ದದ ಈ ನೀರಿನ ದಾರಿಗೆ ಬ್ರಿಟಿಷ್ ಸರ್ವೆ ಹಡಗು ಬೀಗಲ್‌ನ ಹೆಸರಿಟ್ಟಿದ್ದಾರೆ. ಇದರ ವಾಯವ್ಯ ಕವಲಿನಲ್ಲಿ ಉತ್ತರದ ದಡದುದ್ದಕ್ಕೂ ಹಿಮನದಿಗಳು ಒಂದರ ಹಿಂದೆ ಒಂದು ಬರುತ್ತವೆ: ರೊಮಾಂಶ್, ಜರ್ಮನಿ, ಫ್ರಾನ್ಸ್, ಇಟಲಿ, ಹಾಲೆಂಡ್. ಹೆಸರೆಲ್ಲ ಯುರೋಪಿನವು. 1882-83ರಲ್ಲಿ ಕೇಪ್ ಹಾರ್ನ್ ಕಡೆ ಬಂದ ಫ್ರೆಂಚ್ ವೈಜ್ಞಾನಿಕ ತಂಡದ ಹಡಗಿನ ಹೆಸರು ರೊಮಾಂಶ್. ಆ ಹಿಮನದಿಯ ತುದಿ ಬಂಡೆಯ ಮೇಲೇ ನಿಂತಿದೆ. ಕರಗಿದ ನೀರು ಅಲ್ಲಿಂದ ಜಲಪಾತವಾಗಿ ನೇರ ಕೆಳಗೆ ಧುಮುಕುತ್ತದೆ. ಹಡಗಿನ ಡೆಕ್ ಮೇಲೆ ಎಲ್ಲರೂ ಕ್ಯಾಮೆರಾ ಹಿಡಿದು ಒಂದೇ ಕಡೆ ನಿಂತಿದ್ದೆವು. ಒಳಗೆ ಹೋಗಿ ಬಿಸಿ ಕಾಫಿ ಕುಡಿಯೋಣ ಅಂದರೆ ಮುಂದಿನ ಹಿಮನದಿ ಆಗಲೇ ಕಾಣಿಸುತ್ತಿತ್ತು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಪಿಯಾ. ಪಿಯಾ ಹಿಮನದಿ ಸೀದಾ ಸಮುದ್ರಕ್ಕೇ ಬಂದು ನಿಂತಿದೆ. ಅದರ ಮುಂದೆ ನೀರಿನ ತುಂಬ ಐಸ್ ತುಂಡುಗಳು, ದೋಣಿ ಅವನ್ನು ಪಕ್ಕಕ್ಕೆ ತಳ್ಳುತ್ತಾ ನಿಧಾನಕ್ಕೆ ಹೋಗಬೇಕು. ನೀರಿನ ಬಣ್ಣ ಹಾಲು ಬೆರೆಸಿದ ಹಸಿರು. ಹಿಮನದಿ ಅಂದರೆ ಒಂದು ದೊಡ್ಡ ಬೀಸುಕಲ್ಲು, ಬೆಟ್ಟದ ಬಂಡೆಯನ್ನು ಅರೆದು ಹಿಟ್ಟು ಮಾಡಿ ನೀರಿಗೆ ಬಿಡುತ್ತದೆ. ಹೀಗೆ ಅರೆದೂ ಅರೆದೂ ಕಣಿವೆ ಸಮುದ್ರಮಟ್ಟಕ್ಕಿಂತ ಕೆಳಕ್ಕೆ ಹೋಗಿ, ಐಸ್ ಹಿಂದೆ ಸರಿದಾಗ ಉಪ್ಪುನೀರು ಒಳಗೆ ನುಗ್ಗಿದ್ದರಿಂದಲೇ ಫಿಯೋರ್ಡ್ ಆಗಿದ್ದು. ಅದಕ್ಕೇ ಇಲ್ಲಿ ದಡದ ಪಕ್ಕದಲ್ಲೂ ನೀರು ಅಷ್ಟು ಆಳ.

ನಮ್ಮ ಗೈಡ್ ನೀರಿನಿಂದ ಒಂದು ತುಂಡು ಐಸ್ ಎತ್ತಿ ದೋಣಿಯೊಳಗೆ ಇಟ್ಟರು. ಆಚೆ ಬದಿ ಕಾಣುವಷ್ಟು ತಿಳಿ, ಒಳಗೆ ಸೂಜಿಮೊನೆಯಷ್ಟು ಗುಳ್ಳೆಗಳು. ಕಿವಿ ಹತ್ತಿರ ತಂದರೆ ಚಿಟಪಟ ಚಿಟಪಟ ಸದ್ದು. ಯಾವ ಕಾಲದಲ್ಲೋ ಬಿದ್ದ ಹಿಮದ ನಡುವೆ ಸಿಕ್ಕಿಹಾಕಿಕೊಂಡ ಗಾಳಿ ಅದು. ಮೇಲಿನ ಭಾರಕ್ಕೆ ಒತ್ತಿ ಒತ್ತಿ ಇಷ್ಟು ಸಣ್ಣ ಗುಳ್ಳೆಯಾಗಿದೆ, ಕರಗುತ್ತಿದ್ದ ಹಾಗೆ ಒಡೆದು ಹೊರಗೆ ಬರುತ್ತದೆ. ಎದುರಿಗಿದ್ದ ಐಸ್ ಗೋಡೆಯ ನೀಲಿಗೂ ಅದೇ ಒತ್ತಡ ಕಾರಣ. ಗುಳ್ಳೆ ಕಡಿಮೆಯಾಗಿ ಐಸ್ ಗಟ್ಟಿಯಾದಾಗ ಬೆಳಕು ಆಳಕ್ಕೆ ಇಳಿಯುತ್ತದೆ, ಐಸ್ ಕೆಂಪನ್ನು ಹೀರಿಕೊಂಡು ನೀಲಿಯನ್ನು ವಾಪಸ್ ಕಳಿಸುತ್ತದೆ.

ದಡಕ್ಕಿಳಿದು ಬಂಡೆಯ ಮೇಲೆ ನಿಂತಿದ್ದಾಗ ಗೋಡೆಯ ಒಂದು ಭಾಗ ಕಳಚಿ ಬಿತ್ತು. ಮೊದಲು ಕಣ್ಣಿಗೆ ಕಂಡಿತು, ಸದ್ದು ಆಮೇಲೆ ಬಂತು, ಗುಡುಗಿನ ಹಾಗೆ. ಅದಾದ ಮೇಲೆ ಅಲೆ. ಗೈಡ್ ಎಲ್ಲರನ್ನೂ ಮೇಲಕ್ಕೆ ಹತ್ತಿಸಿದ್ದು ಇದಕ್ಕೇ. 1833ರ ಜನವರಿಯಲ್ಲಿ, ಬೀಗಲ್ ಹಡಗಿನಲ್ಲಿ ಬಂದಿದ್ದ ಡಾರ್ವಿನ್ ಇದೇ ಕವಲಿನಲ್ಲಿ ಸಂಗಡಿಗರ ಜೊತೆ ದೋಣಿಗಳನ್ನು ದಡದಲ್ಲಿ ಬಿಟ್ಟು ಊಟ ಮಾಡುತ್ತಿದ್ದಾಗ ಹೀಗೇ ಐಸ್ ಬಿದ್ದು ದೊಡ್ಡ ಅಲೆ ಎದ್ದಿತು. ಡಾರ್ವಿನ್ ಮತ್ತು ಒಂದಿಬ್ಬರು ನಾವಿಕರು ಓಡಿಹೋಗಿ ದೋಣಿಗಳನ್ನು ಹಿಡಿದುಕೊಂಡರು. ದೋಣಿ ಹೋಗಿದ್ದರೆ ಎಲ್ಲರೂ ಅಲ್ಲೇ ಸಿಕ್ಕಿಬೀಳುತ್ತಿದ್ದರು. ಆ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮರುದಿನವೇ ಅಲ್ಲಿನ ಒಂದು ಜಲಭಾಗಕ್ಕೆ ಡಾರ್ವಿನ್ ಸೌಂಡ್ ಅಂತ ಹೆಸರಿಟ್ಟ. ಹೀಗೆ ಹೆಸರಿಡುವುದು ಎಷ್ಟು ಸುಲಭ ಅಲ್ವಾ? ಆದರೆ ಆ ನೀರನ್ನು ಸಾವಿರಾರು ವರ್ಷದಿಂದ ಬಳಸುತ್ತಿದ್ದವರು ಅಲ್ಲೇ ಇದ್ದರು.

ಅವರೇ ಯಾಗನ್ ಜನ. ನವಾರಿನೊ ದ್ವೀಪದ ವುಲಾಯಾ ಕೊಲ್ಲಿಗೆ ಹೋದಾಗ ಅವರ ಮನೆಗಳಿದ್ದ ಜಾಗ ನೋಡಿದೆವು. ಹುಲ್ಲಿನ ನಡುವೆ ದುಂಡಗಿನ ತಗ್ಗುಗಳು, ಪ್ರತಿ ತಗ್ಗಿನ ಸುತ್ತ ಎತ್ತರದ ಅಂಚು. ಸುಮ್ನೆ ನೋಡಿದರೆ ನೆಲವೇ ಹಾಗಿದೆ ಅನ್ನಿಸುತ್ತದೆ. ಬಗ್ಗಿ ನೋಡಿದರೆ ಅಂಚಿನ ತುಂಬ ಚಿಪ್ಪು, ಕಪ್ಪೆಚಿಪ್ಪಿನ ಚೂರುಗಳು, ನೀಲಿ ಇನ್ನೂ ಪೂರ್ತಿ ಮಾಸಿಲ್ಲ. ಕೊಂಬೆಗಳ ಗುಡಿಸಲು ನಡುವೆ, ತಿಂದು ಬಿಸಾಕಿದ ಚಿಪ್ಪು ಸುತ್ತ. ತಲೆಮಾರು ತಲೆಮಾರು ಅದೇ ಜಾಗಕ್ಕೆ ಬಂದು ಗುಡಿಸಲು ಹಾಕಿದ್ದರಿಂದ ಅಂಚು ಇಷ್ಟು ಎತ್ತರವಾಗಿದೆ. ಅಂಥ ಒಂದು ತಗ್ಗಿನ ಒಳಗೆ ಕೂತು ನೋಡಿದೆ. ಗಾಳಿ ತಲೆಯ ಮೇಲಿಂದ ಹೋಗುತ್ತದೆ, ಮೈಗೆ ತಾಗುವುದೇ ಇಲ್ಲ. ಎಲ್ಲಿ ಕೂರಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರ ಬದುಕೆಲ್ಲ ತೊಗಟೆಯ ದೋಣಿಯಲ್ಲಿ. ದೋಣಿಯ ನಡುವೆ ಮಣ್ಣು ಹಾಸಿ ಅದರ ಮೇಲೆ ಬೆಂಕಿ ಉಳಿಸಿಕೊಳ್ಳುತ್ತಿದ್ದರು. ಹುಟ್ಟು ಹಾಕುತ್ತಿದ್ದವರು ಹೆಂಗಸರು, ಆ ಕೊರೆಯುವ ನೀರಿಗೆ ಮುಳುಗಿ ಚಿಪ್ಪು ತರುತ್ತಿದ್ದವರೂ ಹೆಂಗಸರೇ. ಮೈಗೆ ಸೀಲ್ ಅನ್ನುವ ಕಡಲಪ್ರಾಣಿಯ ಕೊಬ್ಬು ಹಚ್ಚಿಕೊಳ್ಳುತ್ತಿದ್ದರು. ನಾನು ಮೂರು ಪದರ ಬಟ್ಟೆ ಹಾಕಿಕೊಂಡು, ಕೈಗವಸಿನೊಳಗೆ ಬೆರಳು ಮಡಚಿಕೊಂಡು ನಿಂತು ಇದನ್ನೆಲ್ಲ ಕೇಳುತ್ತಿದ್ದೆ.

ವುಲಾಯಾದಲ್ಲಿ ಇನ್ನೊಂದು ಕಥೆ ಇದೆ. 1830ರಲ್ಲಿ ಫಿಟ್ಜ್‌ರಾಯ್ ಈ ಪ್ರದೇಶದ ನಾಲ್ವರನ್ನು ಇಂಗ್ಲೆಂಡಿಗೆ ಕರೆದೊಯ್ದ. ಅವರಲ್ಲಿ ಒಬ್ಬ ಹುಡುಗನಿಗೆ ಬ್ರಿಟಿಷರು ಜೆಮ್ಮಿ ಬಟನ್ ಅಂತ ಹೆಸರಿಟ್ಟರು, ಅವನ ನಿಜವಾದ ಹೆಸರು ಒರುಂಡೆಲಿಕೊ. ಒಬ್ಬ ಸಿಡುಬಿನಿಂದ ಅಲ್ಲೇ ಸತ್ತ. ಉಳಿದ ಮೂವರನ್ನು 1833ರಲ್ಲಿ ಒಬ್ಬ ಮಿಷನರಿಯ ಜೊತೆ ಇದೇ ವುಲಾಯಾದಲ್ಲಿ ಇಳಿಸಿದರು, ಇಂಗ್ಲಿಷರ ರೀತಿ ಕಲಿತವರು ತಮ್ಮವರಿಗೂ ಕಲಿಸಲಿ ಅಂತ. ಮಿಷನರಿ ಕೆಲವೇ ದಿನದಲ್ಲಿ ಹಡಗಿಗೆ ಓಡಿಬಂದ. ಮರುವರ್ಷ ಬೀಗಲ್ ಮತ್ತೆ ಬಂದಾಗ ಒರುಂಡೆಲಿಕೊ ಬೂಟು, ಕೋಟು ಎಲ್ಲ ಬಿಟ್ಟಿದ್ದ. ಇಂಗ್ಲೆಂಡಿಗೆ ವಾಪಸ್ ಬಾ ಅಂದರೆ ಬರುವುದಿಲ್ಲ ಅಂದ. ಹೆಂಡತಿ ಇದ್ದಳು, ಊರು ಇತ್ತು. ಅವನ ಆ ಉತ್ತರ ನನಗೆ ತುಂಬ ಇಷ್ಟವಾಯಿತು.

ಆಮೇಲೆ ಬಂದದ್ದು ಕೆಟ್ಟ ಕಾಲ. ಹೊರಗಿನವರ ಜೊತೆ ದಡಾರದಂಥ ರೋಗಗಳು ಬಂದವು, ಸೀಲ್ ಬೇಟೆಗಾರರು ಅವರ ಆಹಾರವನ್ನೇ ಬರಿದು ಮಾಡಿದರು. ಮಿಷನರಿ ಥಾಮಸ್ ಬ್ರಿಡ್ಜಸ್ ಸಂಗ್ರಹಿಸಿದ ಯಾಗನ್ ನಿಘಂಟಿನಲ್ಲಿ ಸುಮಾರು 32,000 ಪದಗಳಿವೆ. ಆ ಭಾಷೆಯನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವರು ಕ್ರಿಸ್ಟಿನಾ ಕಾಲ್ಡೆರೋನ್, ಇದೇ ನವಾರಿನೊ ದ್ವೀಪದವರು, 2022ರ ಫೆಬ್ರವರಿಯಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಗಂತ ಯಾಗನ್ ಜನ ಮುಗಿದುಹೋಗಿಲ್ಲ. ಅದೇ ದ್ವೀಪದ ಪುಯೆರ್ಟೊ ವಿಲಿಯಮ್ಸ್ ಊರಿನ ಪಕ್ಕದ ವಿಲ್ಲಾ ಉಕಿಕಾದಲ್ಲಿ ಅವರ ಮನೆಗಳಿವೆ. ಕ್ರಿಸ್ಟಿನಾ ಅವರ ಮಗಳು ಲಿಡಿಯಾ ಗೊನ್ಸಾಲೆಸ್ 2021ರಲ್ಲಿ ಚಿಲಿಯ ಹೊಸ ಸಂವಿಧಾನ ಬರೆಯಲು ಕೂಡಿದ್ದ ಸಭೆಯಲ್ಲಿ ತಮ್ಮ ಜನರ ಪ್ರತಿನಿಧಿಯಾಗಿದ್ದರು. ಇದನ್ನೆಲ್ಲ ತಿಳಿದ ಮೇಲೆ 'ಮನುಷ್ಯ ಮುಟ್ಟದ ಜಗತ್ತು' ಅನ್ನುವ ಮಾತು ನನಗೆ ಅನ್ಯಾಯ ಅನ್ನಿಸುತ್ತದೆ. ಮುಟ್ಟಿದವರು ಇದ್ದರು, ಗಾಯ ಮಾಡದೆ ಮುಟ್ಟಿದ್ದರು.

ಕೊನೆಗೆ ಕೇಪ್ ಹಾರ್ನ್, ಈ ದ್ವೀಪಗಳ ದಕ್ಷಿಣದ ತುದಿ. ಇಲ್ಲಿ ಇಳಿಯುವುದು ಗ್ಯಾರಂಟಿ ಅಂತ ಯಾರೂ ಹೇಳುವುದಿಲ್ಲ, ಹೇಳಿದರೆ ನಂಬಬೇಡಿ. ಈ ಅಕ್ಷಾಂಶದಲ್ಲಿ ಪಶ್ಚಿಮದ ಗಾಳಿಗೆ ಭೂಮಿಯ ಸುತ್ತ ಎಲ್ಲೂ ಅಡ್ಡ ನಿಲ್ಲುವ ನೆಲವಿಲ್ಲ, ಅದು ಬೀಸಿಕೊಂಡು ಬಂದು ಇಲ್ಲಿ ಬಡಿಯುತ್ತದೆ. 1788ರಲ್ಲಿ ಬೌಂಟಿ ಅನ್ನುವ ಬ್ರಿಟಿಷ್ ಹಡಗಿನ ನಾಯಕ ವಿಲಿಯಂ ಬ್ಲೈ ಇದನ್ನು ದಾಟಲು ಸುಮಾರು ಒಂದು ತಿಂಗಳು ಗುದ್ದಾಡಿ, ಆಗದೆ, ಹಡಗು ತಿರುಗಿಸಿ ಆಫ್ರಿಕಾದ ಕಡೆಯಿಂದ ಹೋದ. 1914ರಲ್ಲಿ ಪನಾಮಾ ಕಾಲುವೆ ತೆರೆಯುವ ತನಕ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ಎಷ್ಟೋ ಹಡಗುಗಳಿಗೆ ಇದೇ ದಾರಿ.

ನಾವು ಹೋದ ಬೆಳಿಗ್ಗೆ ಮೊದಲು ಗೈಡ್‌ಗಳೇ ಒಂದು ದೋಣಿಯಲ್ಲಿ ಹೋಗಿ ನೋಡಿಬಂದರು. ನಾವೆಲ್ಲ ಜಾಕೆಟ್ ಹಾಕಿಕೊಂಡು ಕಾಯುತ್ತಾ ಇದ್ದೆವು, ಯಾರಿಗೂ ಮಾತಿಲ್ಲ. ಹೋಗಬಹುದು ಅಂತ ಅಪ್ಪಣೆ ಬಂತು. ದಡದಲ್ಲಿ ಇಬ್ಬರು ಸಿಬ್ಬಂದಿ ಎದೆಮಟ್ಟದ ನೀರಲ್ಲಿ ನಿಂತು ದೋಣಿಯನ್ನು ಹಿಡಿದುಕೊಂಡಿದ್ದರು, ಅಲೆ ಬಂದಾಗ ಅವರೂ ದೋಣಿ ಜೊತೆ ಏಳುತ್ತಿದ್ದರು. ಅವರ ಕೈ ಹಿಡಿದು ಕಲ್ಲಿಗೆ ಹಾರಿ, ಮರದ ಮೆಟ್ಟಿಲು ಹತ್ತಿದರೆ ಮೇಲೆ ಬಯಲು. ಒಂದು ಕಡೆ ಕಬ್ಬಿಣದ ತಗಡುಗಳಲ್ಲಿ ಕತ್ತರಿಸಿದ, ಆಲ್ಬಟ್ರಾಸ್ ಅನ್ನುವ ಕಡಲಹಕ್ಕಿಯ ಆಕಾರದ ಸ್ಮಾರಕ, ಇಲ್ಲಿ ಸತ್ತ ನಾವಿಕರ ನೆನಪಿಗೆ 1992ರಲ್ಲಿ ನಿಲ್ಲಿಸಿದ್ದು. ಇನ್ನೊಂದು ಕಡೆ ದೀಪಸ್ತಂಭ. ಅಲ್ಲಿ ಚಿಲಿ ನೌಕಾಪಡೆಯವರೊಬ್ಬರು ಹೆಂಡತಿ ಮಕ್ಕಳ ಜೊತೆ ವಾಸವಾಗಿರುತ್ತಾರೆ. ಹಾದುಹೋಗುವ ಹಡಗುಗಳ ಲೆಕ್ಕ ಇಡುವುದು, ಹವಾಮಾನ ವರದಿ ಕಳಿಸುವುದು ಅವರ ಕೆಲಸ. ಬಾಗಿಲಲ್ಲಿ ಮಗುವಿನ ಸಣ್ಣ ಬೂಟುಗಳು ಒಣಗುತ್ತಿದ್ದವು.

ಹೋಗುವ ಯೋಚನೆ ಇದ್ದರೆ ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ಶುರುವಿನ ತನಕ ಸೀಸನ್. ಪೆಂಗ್ವಿನ್ ನೋಡಲೇಬೇಕು ಅಂದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ನೀರು ಒಳಗಿಳಿಯದ ಪ್ಯಾಂಟು, ಒಳ್ಳೆಯ ಕೈಗವಸು ಇಲ್ಲದೆ ಹೋಗಬೇಡಿ, ಕ್ಯಾಮೆರಾಗಿಂತ ಅವು ಮುಖ್ಯ. ಮತ್ತೆ ವುಲಾಯಾದಲ್ಲಿ ಇಳಿದಾಗ ಎಲ್ಲರೂ ಗುಡ್ಡ ಹತ್ತಿ ನೋಟ ನೋಡಲು ಓಡುತ್ತಾರೆ. ನೀವು ಮೊದಲು ದಡದ ಆ ದುಂಡಗಿನ ತಗ್ಗುಗಳ ಹತ್ತಿರ ಹೋಗಿ, ಆಮೇಲೆ ಹಳೆಯ ರೇಡಿಯೊ ಸ್ಟೇಷನ್ ಕಟ್ಟಡದಲ್ಲಿರುವ ಸಣ್ಣ ಮ್ಯೂಸಿಯಂ ನೋಡಿ. ಸಮಯ ಉಳಿದರೆ ಗುಡ್ಡ.